ಕೋಷ್ಟಕದ ಹಿಂದಿನ ಹಾಳೆ

ಕೋಷ್ಟಕ ಪುಟದ ಕೆಳಗೆ ಮತ್ತೆ ತುಂಡಾಗಿತ್ತು. ಹದಿನೇಳನೆಯ ಸಾಲಿನವರೆಗೆ ಸರಿಯಾಗಿ ಕಾಣುತ್ತಿತ್ತು. ಅಲ್ಲಿಂದ ಮುಂದಿನ ಸಾಲುಗಳು ಹಾಳೆಯ ಅಂಚಿನ ಕೆಳಗೆ ಎಲ್ಲೋ ಇಳಿದುಹೋಗಿದ್ದವು, ಮುಂದಿನ ಪುಟಕ್ಕೂ ಬಂದಿರಲಿಲ್ಲ. ಬೆಳಿಗ್ಗೆಯಿಂದ ಅದು ನಾಲ್ಕನೆಯ ಸಲ. ಸಿಂಧನೂರಿನ ನನ್ನ ಟೈಪಿಂಗ್ ಅಂಗಡಿಯಲ್ಲಿ ಪರದೆಯ ಮುಂದೆ ಕೂತು ನಾನು ಬೈದದ್ದು ಕಂಪ್ಯೂಟರನ್ನೋ ನನ್ನನ್ನೋ ನನಗೇ ಗೊತ್ತಿಲ್ಲ.

ಕೆಲಸ ಕೊಟ್ಟವರು ಮಸ್ಕಿ ಕಡೆಯ ಒಬ್ಬ ನಿವೃತ್ತ ಮಾಸ್ತರರು. ಕಾಲುವೆಯ ಕೊನೆ ಭಾಗದ ಹಳ್ಳಿಗಳಿಗೆ ನೀರು ಮುಟ್ಟುತ್ತಿಲ್ಲವೆಂದು ಅಲ್ಲಿನ ರೈತರು ಒಂದು ಸಮಿತಿ ಕಟ್ಟಿಕೊಂಡಿದ್ದರು. ಮಾಸ್ತರರು ಅದರ ಮುಖ್ಯಸ್ಥರು. ಮೇಲ್ಭಾಗದಲ್ಲಿ ಕೆಲವರು ಕಾಲುವೆಗೆ ಪೈಪು ಇಳಿಬಿಟ್ಟು, ಮೋಟಾರು ಹಚ್ಚಿ, ತಮ್ಮ ಪಾಲಿಗಿಂತ ಹೆಚ್ಚು ನೀರೆತ್ತುತ್ತಾರೆ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಆದರೆ ಕಾಗದದ ಮೇಲೆ ಇರಲಿಲ್ಲ. ಸಮಿತಿಯ ಜನ ಇಪ್ಪತ್ತು ದಿನ ದಂಡೆಯ ಮೇಲೆ ತಿರುಗಿ, ಸಿಕ್ಕವರನ್ನು ಕೇಳಿ, ಐದು ನೋಟುಬುಕ್ಕು ತುಂಬಿಸಿ ತಂದಿದ್ದರು. ಗುರುವಾರ ಲಿಂಗಸುಗೂರಿನಲ್ಲಿ ಮೇಲಿನ ಅಧಿಕಾರಿಗಳ ಸಭೆ. ಅಷ್ಟರೊಳಗೆ ವರದಿ ಆಗಬೇಕು.

"ಏ ತಮ್ಮಾ, ಒಂದು ಅಂಕಿ ತಪ್ಪಿದ್ರ ಇಡೀ ವರದೀನ ಸುಳ್ಳ ಅಂತಾರ ನೋಡು. ಹುಷಾರ್" ಎಂದು ಮಾಸ್ತರರು ನೋಟುಬುಕ್ಕುಗಳನ್ನು ಮೇಜಿನ ಮೇಲಿಟ್ಟು ಹೋದರು.

ನಾನು ಮೊದಲು ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿದೆ. ಜಾಗ ಯಾವುದು, ಪೈಪು ಎಷ್ಟು, ಎಷ್ಟು ಇಂಚಿನದು, ಮೋಟಾರು ಎಷ್ಟು ಶಕ್ತಿಯದು, ಕೊನೆಯಲ್ಲಿ 'ಹೇಳಿದವರು' ಎಂಬ ಕಾಲಮ್ಮು. ಈ ಉದ್ದನೆಯ ಪಟ್ಟಿ ಒಂದು ಹಾಳೆಯಲ್ಲಿ. ಅದರಿಂದ ತಾನೇ ತಾನಾಗಿ ಮೊತ್ತ ಕೂಡಿಕೊಳ್ಳುವ ಸಣ್ಣ ಕೋಷ್ಟಕಗಳು ಇನ್ನೊಂದು ಹಾಳೆಯಲ್ಲಿ. ವರದಿಗೆ ಬೇಕಾದದ್ದು ಎರಡನೆಯದು ಮಾತ್ರ.

'ಹೇಳಿದವರು' ಕಾಲಮ್ಮಿನಲ್ಲಿ ಯಾರ ಹೆಸರೂ ಇರಲಿಲ್ಲ. ಹೆಸರು ಬರೆಯಬಾರದೆಂದು ಸಮಿತಿಯವರೇ ತೀರ್ಮಾನಿಸಿ ಗುರುತು ಬರೆದಿದ್ದರು. ನಮ್ಮ ಕಡೆ ಅದೇ ವಾಡಿಕೆ. ಹಿರಿಯರ ಹೆಸರು ಬಾಯಿಗೆ ಬರುವುದಿಲ್ಲ, ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ. ಗಿರಣಿಯವ, ಕೊನೆ ಮನೆ ಸೊಸೆ, ಮೂಲೆ ಅಂಗಡಿ ಮಾವ ಎಂದುಕೊಂಡೇ ಜೀವನ ಸಾಗುತ್ತದೆ. ನೋಟುಬುಕ್ಕಿನಲ್ಲೂ ಹಾಗೇ: 'ಚಾ ಅಂಗಡಿಯವ', 'ಕುರಿ ಕಾಯುವವ'. ಗೊರೇಬಾಳ ದಾಟಿದ ಮೇಲಿನ ಹೊಲಗಳ ಮುಂದೆ ಹನ್ನೊಂದು ಸಾಲುಗಳಲ್ಲಿ ಒಂದೇ ಗುರುತಿತ್ತು, 'ಮಸ್ಕಿ ಕಡೆಯ ನಾಟಿ ಗುಂಪಿನವರು'. ಹೆಸರಿಲ್ಲವಲ್ಲ, ಇನ್ನೇನು ಭಯ ಎಂದು ಮಾಸ್ತರರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಮೊದಮೊದಲು ನಾನು ಕೋಷ್ಟಕಗಳನ್ನು ವರ್ಡ್‌ನಲ್ಲಿ ಕೈಯಾರೆ ಟೈಪು ಮಾಡುತ್ತಿದ್ದೆ. ಆದರೆ ಮಾಸ್ತರರ ಫೋನು ದಿನಕ್ಕೆ ಮೂರು ಸಲ ಬರುತ್ತಿತ್ತು. ಅಲ್ಲಿ ಎರಡು ಪೈಪು ತೆಗೆದಿದ್ದಾರಂತೆ, ಕಡಿಮೆ ಮಾಡು. ಇಲ್ಲಿ ಒಂದು ಹೆಚ್ಚಾಗಿದೆಯಂತೆ, ಸೇರಿಸು. ಒಂದು ಅಂಕಿ ಬದಲಾದರೆ ಸಾಲಿನ ಮೊತ್ತ, ಹಳ್ಳಿಯ ಮೊತ್ತ, ಒಟ್ಟು ಮೊತ್ತ, ಮುನ್ನುಡಿಯ ಒಂದು ವಾಕ್ಯ, ಎಲ್ಲವೂ ಬದಲಾಗಬೇಕು. ಎರಡು ಸಲ ತಪ್ಪಿದೆ. ಎರಡು ಸಲವೂ ಮಾಸ್ತರರು ಕೆಂಪು ಪೆನ್ನಿನಲ್ಲಿ ಸುತ್ತಿ ತಂದರು. ಮೂವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದ ಕೈ, ಬಿಡುತ್ತದೆಯೇ?

ಅದಕ್ಕೆ ಎಕ್ಸೆಲ್ ಕೋಷ್ಟಕವನ್ನು ವರ್ಡ್‌ಗೆ ಲಿಂಕ್ ಮಾಡಿ ತಂದೆ. ಎಕ್ಸೆಲ್‌ನಲ್ಲಿ ತಿದ್ದಿದರೆ ವರ್ಡ್‌ನಲ್ಲಿ ತಾನೇ ತಿದ್ದಿಕೊಳ್ಳುತ್ತದೆ. ಎರಡು ದಿನ ನಾನೇ ರಾಜ. ಶನಿವಾರ ಆ ಕಡತವನ್ನು ಪೆನ್ ಡ್ರೈವಿನಲ್ಲಿ ಲಿಂಗಸುಗೂರಿಗೆ ಕಳಿಸಿದೆ. ಇಪ್ಪತ್ತು ಪ್ರತಿ ತೆಗೆಯುವ ಕೆಲಸ ಅಲ್ಲಿನ ಒಂದು ಜೆರಾಕ್ಸ್ ಅಂಗಡಿಗೆ ಒಪ್ಪಿಸಲಾಗಿತ್ತು. ಕಡತ ತೆರೆದಾಗ ಲಿಂಕುಗಳನ್ನು ಹೊಸದು ಮಾಡಲೇ ಎಂದು ವರ್ಡ್ ಕೇಳಿದೆ, ಆ ಅಂಗಡಿಯವನು ಪಾಪ ಹೂಂ ಅಂದಿದ್ದಾನೆ. ಮೂಲ ಎಕ್ಸೆಲ್ ಕಡತ ಇದ್ದದ್ದು ಸಿಂಧನೂರಿನ ನನ್ನ ಕಂಪ್ಯೂಟರಿನಲ್ಲಿ. ಏಳು ಕೋಷ್ಟಕಗಳ ಜಾಗದಲ್ಲಿ ಲಿಂಕ್ ಸರಿಯಿಲ್ಲ ಎಂಬ ಒಂದೊಂದು ಇಂಗ್ಲಿಷ್ ಸಾಲು ಅಚ್ಚಾಗಿ ಬಂತು. ಇಪ್ಪತ್ತು ಪ್ರತಿಯೂ ರದ್ದಿಗೆ ಹೋಯಿತು.

ಆಮೇಲೆ ಮೂರನೆಯ ದಾರಿ ಹಿಡಿದೆ. ಲಿಂಕ್ ಬೇಡ, ಎಕ್ಸೆಲ್ ಕೋಷ್ಟಕವನ್ನೇ ವರ್ಡ್‌ನ ಹೊಟ್ಟೆಯೊಳಗೆ ಇಟ್ಟುಬಿಡುವುದು. ನಕಲು ಮಾಡಿ, ವಿಶೇಷವಾಗಿ ಅಂಟಿಸುವ ಆಯ್ಕೆಗೆ ಹೋಗಿ, ವರ್ಕ್‌ಶೀಟ್ ವಸ್ತುವಾಗಿ ಅಂಟಿಸಿದರೆ ಆಯಿತು. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಲ್ಲೇ ಎಕ್ಸೆಲ್ ತೆರೆದುಕೊಳ್ಳುತ್ತದೆ, ಅಂಕಿ ತಿದ್ದಬಹುದು, ಮೊತ್ತ ತಾನೇ ಕೂಡಿಕೊಳ್ಳುತ್ತದೆ. ಮೂಲ ಕಡತ ಎಲ್ಲಿದ್ದರೂ ಚಿಂತೆಯಿಲ್ಲ. ಮಾಸ್ತರರು ಸಭೆಯ ಹಿಂದಿನ ದಿನ ಅಂಕಿ ಬದಲಿಸಿದರೂ ಲಿಂಗಸುಗೂರಿನ ಅಂಗಡಿಯವನೇ ತಿದ್ದಿ ಅಚ್ಚು ಹಾಕಬಹುದು. ಇಂಥ ಬುದ್ಧಿ ನನಗೇ ಹೊಳೆಯಿತಲ್ಲ ಎಂದು ಒಂದು ಚಹಾ ಜಾಸ್ತಿಯೇ ಕುಡಿದೆ.

ಹಾಗೆ ಒಳಗಿಟ್ಟ ಕೋಷ್ಟಕ ಪುಟ ದಾಟುವುದಿಲ್ಲ ಎಂಬುದು ಚಹಾ ಮುಗಿದ ಮೇಲೆ ಗೊತ್ತಾಯಿತು. ವರ್ಡ್ ಅದನ್ನು ಒಂದು ಚಿತ್ರದಂತೆ ನೋಡುತ್ತದೆ. ಉದ್ದವಾದರೆ ಕೆಳಗಿನದು ಕತ್ತರಿಸಿಹೋಗುತ್ತದೆ. ಕೊನೆಗೆ ಏಳು ಕೋಷ್ಟಕಗಳನ್ನು ಹನ್ನೊಂದು ತುಂಡು ಮಾಡಿ, ಒಂದೊಂದನ್ನೂ ಬೇರೆಯಾಗಿ ಅಂಟಿಸಿ, ತಲೆಬರಹದ ಸಾಲನ್ನು ಪ್ರತಿಯೊಂದಕ್ಕೂ ಮತ್ತೆ ಹಚ್ಚಿದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕತ್ತು ಮರದ ಕೊರಡಾಗಿತ್ತು. ಕಡತದ ತೂಕ ಮೂವತ್ತೆಂಟು ಎಂಬಿ. ಹನ್ನೆರಡು ಪುಟದ ವರದಿಗೆ ಮೂವತ್ತೆಂಟು ಯಾಕೆ ಬೇಕು ಎಂದು ಒಂದು ಕ್ಷಣ ಅನ್ನಿಸಿತು. ಅಲ್ಲಿಯೇ ನಾನು ನಿಲ್ಲಬೇಕಿತ್ತು. ಆದರೆ ದಣಿದವನಿಗೆ ಪ್ರಶ್ನೆ ಬೇಕಿರುವುದಿಲ್ಲ, ಕೆಲಸ ಕೈಬಿಟ್ಟರೆ ಸಾಕಾಗಿರುತ್ತದೆ. ಈಮೇಲಿನಲ್ಲಿ ಹೋಗಲಿಲ್ಲ. ವಾಟ್ಸಾಪಿನಲ್ಲಿ ಮಾಸ್ತರರಿಗೂ ಲಿಂಗಸುಗೂರಿನ ಅಂಗಡಿಗೂ ಕಳಿಸಿದೆ. ಮಾಸ್ತರರು ಸಂತೋಷದಿಂದ ಅದನ್ನು ಸಮಿತಿಯ ಗುಂಪಿಗೆ ಹಾಕಿ, ತಪ್ಪಿದ್ದರೆ ಎಲ್ಲರೂ ತಿಳಿಸಿ ಎಂದು ಬರೆದರು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಲಿಂಗಸುಗೂರಿನಿಂದ ಫೋನು ಬಂತು.

"ಅಣ್ಣಾರ, ನಿಮ್ಮ ಟೇಬಲ್ಲಿನ ಹಿಂದ ಇನ್ನೊಂದು ಶೀಟ್ ಐತಲ್ರೀ, ಅದನ್ನೂ ಪ್ರಿಂಟ್ ಹೊಡೀಲೇನು?"

"ಯಾವ ಶೀಟೋ ಮಾರಾಯ?"

"ಅದ ರೀ, ಹೇಳಿದವರು ಅಂತ ಐತಿ. ಚಾ ಅಂಗಡಿಯಂವ, ಕುರಿ ಕಾಯಂವ, ನಾಟಿ ಗುಂಪಿನವರು... ಅದು ವರದ್ಯಾಗ ಬರಬೇಕೇನು ಬ್ಯಾಡೇನು?"

ಅವನಿಗೆ ಆಮೇಲೆ ಹೇಳುತ್ತೇನೆಂದು ಫೋನಿಟ್ಟು, ನನ್ನದೇ ಕಡತ ತೆರೆದು ಮೊದಲ ಕೋಷ್ಟಕದ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ಕೋಷ್ಟಕದ ಕೆಳಗೆ ಎರಡು ಹಾಳೆಗಳ ಹೆಸರು ಕಾಣಿಸಿದವು. ಹಿಂದಿನದನ್ನು ಒತ್ತಿದರೆ ಉದ್ದನೆಯ ಪಟ್ಟಿ ಪೂರ್ತಿ. ಎರಡನೆಯ ಕೋಷ್ಟಕದಲ್ಲೂ ಅದೇ, ಹನ್ನೊಂದನೆಯದರಲ್ಲೂ ಅದೇ. ನಾನು ಅಂಟಿಸಿದ್ದು ಹತ್ತು ಸಾಲು ಎಂದುಕೊಂಡಿದ್ದೆ. ಅದು ಪ್ರತಿ ಸಲವೂ ಇಡೀ ಎಕ್ಸೆಲ್ ಕಡತವನ್ನೇ ಒಳಗೆ ಎಳೆದುಕೊಂಡಿತ್ತು. ಮೂವತ್ತೆಂಟು ಎಂಬಿ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಆ ಹಾಳೆಗಳ ಹೆಸರುಗಳನ್ನು ನಾನು ಎರಡು ದಿನದಲ್ಲಿ ನೂರು ಸಲ ನೋಡಿರಬೇಕು. ನನ್ನ ಕಣ್ಣು ಮೊತ್ತದ ಚೌಕದಿಂದ ಕೆಳಗೆ ಇಳಿದಿರಲೇ ಇಲ್ಲ.

ಮಾಸ್ತರರಿಗೆ ಫೋನು ಹಚ್ಚಿ, ಗುಂಪಿಗೆ ಹಾಕಿದ್ದನ್ನು ಎಲ್ಲರಿಂದಲೂ ಅಳಿಸಬೇಕು ಎಂದೆ. ಅವರಿಗೆ ಅಳಿಸುವುದು ಗೊತ್ತಿರಲಿಲ್ಲ. ಕಡತದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಮೇಲೆ ಮೂರು ಚುಕ್ಕಿ ಬರುತ್ತದೆ ನೋಡಿ ಎಂದು ಹೇಳಿಕೊಟ್ಟೆ. ಅಳಿಸುವ ಮುಂಚೆ ಯಾರು ಯಾರು ನೋಡಿದ್ದಾರೆಂಬ ಪಟ್ಟಿ ತೆಗೆದು ಓದಿ ಎಂದೆ. ಅವರು ಹಾಜರಿ ಕರೆದಂತೆ ಒಂದೊಂದೇ ಓದಿದರು. ಅಷ್ಟರಲ್ಲಿ ನಾನು ನನ್ನ ಫೋನಿನಲ್ಲಿ ಕಡತ ತೆರೆದು ಪರೀಕ್ಷೆ ಮಾಡಿದೆ. ಫೋನಿನಲ್ಲಿ ಕೋಷ್ಟಕ ಬರೀ ಚಿತ್ರವಾಗಿ ಕಾಣುತ್ತಿತ್ತು, ಎಷ್ಟು ಬಡಿದರೂ ಒಳಗಿನ ಹಾಳೆ ತೆರೆಯಲಿಲ್ಲ. ಸ್ವಲ್ಪ ಉಸಿರು ಬಂತು. ಹಾಗಾದರೆ ಕಂಪ್ಯೂಟರಿನಲ್ಲಿ ನೋಡಿದವರಿಂದ ಮಾತ್ರ ಅಪಾಯ. ಮಾಸ್ತರರು ಓದಿದ ಪಟ್ಟಿಯಲ್ಲಿ ಕಂಪ್ಯೂಟರ್ ಇರುವವರು ಒಬ್ಬರೇ, ಸಿಂಧನೂರಿನ ಒಬ್ಬ ಗೊಬ್ಬರದ ಅಂಗಡಿಯವರು.

"ಅವರು ಸಮಿತಿಯೊಳಗ ಹ್ಯಾಂಗ ಬಂದ್ರು ಸರ್?" ಎಂದು ಕೇಳಿದೆ.

"ಯಾರೋ ಸೇರಿಸ್ಯಾರಪಾ. ಗೊಬ್ಬರದ ರೇಟು ಹಾಕತಿರ್ತಾರ ಅಂತ ನಾನೂ ಬಿಟ್ಟೀನಿ."

ಗೊರೇಬಾಳದ ಆಚೆ ಹೊಲ ಇರುವ ಧಣಿಯೊಬ್ಬರು ಆ ಗೊಬ್ಬರದ ಅಂಗಡಿಯವರಿಗೆ ಬೀಗರು. ಆ ಧಣಿಯ ಹೊಲಗಳೇ ಪಟ್ಟಿಯ ಆ ಹನ್ನೊಂದು ಸಾಲು. ನಾನು ಅಂಗಡಿಗೆ ಫೋನು ಮಾಡಿ, ಕಡತದಲ್ಲಿ ಒಂದು ತಪ್ಪಾಗಿದೆ, ದಯವಿಟ್ಟು ಅಳಿಸಿಬಿಡಿ ಎಂದೆ. ಆ ಮನುಷ್ಯ ಭಾಳ ಪ್ರೀತಿಯಿಂದ ಮಾತಾಡಿದರು.

"ಯಾಕ್ರೀ, ಚಂದ ಮಾಡೀರೆಲ್ಲ. ಮುಂದಿಂದೂ ನೋಡಿವಿ, ಹಿಂದಿಂದೂ ನೋಡಿವಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕಡತ ಕಳಿಸಿದರೂ ಅಷ್ಟೇ.

ಹನ್ನೊಂದೂ ಕೋಷ್ಟಕಗಳನ್ನು ಕಿತ್ತು ಹಾಕಿ, ವರ್ಡ್‌ನ ಸಾದಾ ಕೋಷ್ಟಕಗಳಾಗಿ ಮತ್ತೆ ಅಂಟಿಸಿ, ಮೊತ್ತಗಳನ್ನು ಒಂದೊಂದಾಗಿ ಕೈಯಲ್ಲಿ ತಾಳೆ ನೋಡಿದೆ. ಮೊದಲ ದಿನ ಬೇಡವೆಂದು ಬಿಟ್ಟ ದಾರಿಗೇ ತಿರುಗಿ ಬಂದಿದ್ದೆ. ಕಡತ ಒಂದು ಎಂಬಿಯೂ ಆಗಲಿಲ್ಲ. ಹೊಸದನ್ನು ಲಿಂಗಸುಗೂರಿಗೆ ಕಳಿಸಿ, ಹಳೆಯದನ್ನು ನನ್ನ ಎದುರಿಗೇ ಅಳಿಸು ಎಂದು ವಿಡಿಯೊ ಕರೆ ಮಾಡಿ ಅಳಿಸಿಸಿದೆ. ಚಹಾದ ಅಂಗಡಿಯವನಿಗೆ ಸಮಿತಿಯವರಿಂದ ವಿಷಯ ಮುಟ್ಟಿಸಿದರೆ ಅವನು ನಕ್ಕುಬಿಟ್ಟನಂತೆ. ಆ ರಸ್ತೆಯ ಮೇಲೆ ಚಹಾದ ಅಂಗಡಿಗಳು ಹತ್ತು ಇದ್ದವು, ಯಾವುದೆಂದು ಹುಡುಕುತ್ತಾರೆ? ಕುರಿ ಕಾಯುವವ ಹಿಂಡು ಹೊಡೆದುಕೊಂಡು ಆಗಲೇ ಬೇರೆ ಸೀಮೆಗೆ ಹೋಗಿದ್ದ. ಆದರೆ ಗೊರೇಬಾಳದ ಆಚೆ ಮಸ್ಕಿ ಕಡೆಯಿಂದ ಬಂದ ನಾಟಿ ಗುಂಪು ಒಂದೇ ಒಂದು. ಹದಿನೆಂಟು ಹೆಂಗಸರು. ಆ ಧಣಿಯ ಹೊಲದಲ್ಲೇ ನೆಲ್ಲು ಹಚ್ಚುತ್ತಿದ್ದರು. ಇನ್ನೂ ಮೂರು ವಾರದ ಕೆಲಸ ಬಾಕಿಯಿತ್ತು. ಕಾಲುವೆಯ ಕೊನೆಯಲ್ಲಿ ಅವರ ಸ್ವಂತ ಹೊಲಗಳು ನೀರಿಲ್ಲದೆ ಬಿದ್ದಿದ್ದಕ್ಕೇ ಅವರು ಇಲ್ಲಿ ಬೇರೆಯವರ ಗದ್ದೆಗೆ ಬಂದಿದ್ದರು.

ಮಾಸ್ತರರಿಗೆ ಎಲ್ಲವನ್ನೂ ಹೇಳಿ, ಆ ಹೆಂಗಸರಿಗೆ ತಿಳಿಸಬೇಕಲ್ಲ ಸರ್ ಎಂದೆ.

"ತಮ್ಮಾ, ನಾ ಹೇಳೂದು ಕೇಳು. ನೀ ಹೋಗಿ ಬಾಯಿ ಬಿಟ್ರ ಇಲ್ಲದ ಸುದ್ದಿ ಎದ್ದು ನಿಲ್ತೈತಿ. ಧಣಿ ಸುಮ್ಮ ಬಿಟ್ರೂ ಬಿಟ್ಟಾನು. ಗುರುವಾರ ತನಕ ಎರಡು ದಿನ ತಡಿ."

ಅವರ ಮಾತಿನಲ್ಲಿ ನ್ಯಾಯ ಇರಲಿಲ್ಲ ಎನ್ನಲಾರೆ. ಇಪ್ಪತ್ತು ದಿನದ ತಿರುಗಾಟ, ಎಷ್ಟೋ ಹಳ್ಳಿಗಳ ನೀರು, ಎಲ್ಲವೂ ಆ ಗುರುವಾರದ ಮೇಲೆ ನಿಂತಿತ್ತು. ನನಗೂ ಸುಮ್ಮನಿರಲು ಮನಸ್ಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ರಾತ್ರಿ ನಿದ್ದೆ ಸರಿಯಾಗಿರಲಿಲ್ಲ, ಬೆನ್ನು ಹಿಡಿದುಕೊಂಡಿತ್ತು, ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸುತ್ತಿತ್ತು. ಆದರೆ ಆ ಹೆಂಗಸರು ಆ ಕ್ಷಣ ಆ ಮನುಷ್ಯನ ಗದ್ದೆಯ ಕೆಸರಿನಲ್ಲೇ ನಿಂತಿದ್ದರು. ಅವರ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು, ಗೊಬ್ಬರದ ಅಂಗಡಿಯವರಿಗೂ ಗೊತ್ತಿತ್ತು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಅಂಗಡಿಯ ಶೆಟರ್ ಎಳೆದು ಬೈಕು ಹತ್ತಿದೆ.

ಗೊರೇಬಾಳ ದಾಟಿ ದಂಡೆಯ ಹಾದಿ ಹಿಡಿದಾಗ ಮಧ್ಯಾಹ್ನದ ಊಟದ ಹೊತ್ತು. ಹೆಂಗಸರು ಬದುವಿನ ಮೇಲೆ ಸಾಲಾಗಿ ಕೂತು ರೊಟ್ಟಿ ಬಿಚ್ಚಿದ್ದರು. ಪುಂಡಿಪಲ್ಯದ ವಾಸನೆ ಬರುತ್ತಿತ್ತು. ಕಾಲು ಮೊಣಕಾಲಿನವರೆಗೆ ಕೆಸರು. ಗುಂಪಿನ ಮುಂದಾಳು ಯಾರೆಂದು ಕೇಳಿದೆ. ಐವತ್ತರ ಆಸುಪಾಸಿನ, ಒಣಕಲು ಮೈಯ ಹೆಂಗಸು ಎದ್ದು ಬಂದಳು.

"ಯಾರ್ರೀ ನೀವು? ಸಮಿತಿಯವ್ರೇನು?"

"ಇಲ್ಲ ಅಕ್ಕಾ, ವರದಿ ಟೈಪ್ ಮಾಡಿದಾಂವ. ನನ್ನಿಂದ ಒಂದು ದೊಡ್ಡ ಗಲತಿ ಆಗೈತಿ."

ಆಕೆಯನ್ನು ದಂಡೆಯ ಮೇಲಕ್ಕೆ ಕರೆದುಕೊಂಡು ಹೋಗಿ ಹೇಳಿದೆ. ಎಕ್ಸೆಲ್ಲು, ವರ್ಡು ಏನೂ ಹೇಳಲಿಲ್ಲ. ಮುಂದೆ ಕಾಣುವ ಕಾಗದದ ಹಿಂದೆ ಇನ್ನೊಂದು ಕಾಗದ ಅಂಟಿಕೊಂಡು ಹೋಯಿತು, ಅದರಲ್ಲಿ ಯಾರು ಹೇಳಿದರು ಎಂದು ಬರೆದಿತ್ತು, ಧಣಿಯ ಬೀಗರು ಅದನ್ನು ನೋಡಿದ್ದಾರೆ ಎಂದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು.

"ಅದಕ್ಕ ಮುಂಜಾನಿ ಧಣಿ ಮನಿಷ್ಯಾ ಬಂದಿದ್ದ. ನಾಳಿಂದ ನೀವು ಬರಬ್ಯಾಡ್ರಿ, ಬ್ಯಾರೆ ಗುಂಪಿಗೆ ಹೇಳೇವಿ ಅಂದ. ಯಾಕಪಾ, ಸಸಿ ವಾರೆ ಹಚ್ಚೀವೇನು ಅಂತ ಕೇಳಿದ್ವಿ. ಬಾಯಿ ಬಿಡ್ಲಿಲ್ಲ." ಒಂದು ಗಳಿಗೆ ನೀರಿನ ಕಡೆ ನೋಡಿ ಕೇಳಿದಳು, "ನನ್ನ ಹೆಸರು ಬರದಾರೇನ್ರಿ?"

"ಇಲ್ಲ ಅಕ್ಕಾ. ಹೆಸರು ಯಾರದೂ ಇಲ್ಲ. ಮಸ್ಕಿ ಕಡೆಯ ನಾಟಿ ಗುಂಪಿನವರು ಅಂತ ಐತಿ." ಅದನ್ನು ಸಮಾಧಾನದ ಮಾತು ಎಂದುಕೊಂಡೇ ಹೇಳಿದೆ.

ಆಕೆಯ ಮುಖ ಆಗ ಕೆಟ್ಟಿತು. ಅಲ್ಲಿಯವರೆಗೆ ಕೆಟ್ಟಿರಲಿಲ್ಲ.

"ಹೆಸರ ಹಾಕಿದ್ರ ನಾ ಒಬ್ಬಾಕಿ ಸಿಕ್ಕೊತಿದ್ನಿ. ಗುಂಪು ಅಂತ ಹಾಕೀರಿ. ಈಗ ಹದಿನೆಂಟು ಮಂದಿ ಸಿಕ್ಕೊಂಡ್ರು."

ಹೆಸರು ಬಿಟ್ಟರೆ ಮನುಷ್ಯರನ್ನು ಕಾಪಾಡಿದಂತೆ ಎಂದು ನಾವೆಲ್ಲ ನಂಬಿದ್ದೆವು. ಗುಂಪಿನವರು ಎಂದು ನೋಟುಬುಕ್ಕಿನಲ್ಲಿ ಬರೆದವನು ನಾನಲ್ಲ. ಹನ್ನೊಂದು ಸಲ ಟೈಪು ಮಾಡಿದವನು ನಾನೇ.

ಆಕೆಯೇ ಹೇಳಿದಳು. ಅಮಾವಾಸ್ಯೆಗೆ ಕೆಲಸಕ್ಕೆ ರಜೆ, ಊರಿಗೆ ಹೋಗಿದ್ದಾಗ ಸಮಿತಿಯವರು ಬಂದು ಕೇಳಿದ್ದರು. ದಿನಾ ಎರಡು ಹೊತ್ತು ಈ ದಂಡೆಯ ಮೇಲೆ ನಡೆಯುತ್ತಿದ್ದವಳು, ಯಾವ ಮಡಿಯ ಎದುರಿಗೆ ಎಷ್ಟು ಪೈಪು ಎಂದು ಬಾಯಿಪಾಠ ಒಪ್ಪಿಸಿದ್ದಳು. ಉಳಿದವರು ಅಲ್ಲಿ ಇರಲೂ ಇಲ್ಲ. ಅವರಲ್ಲಿ ಇಬ್ಬರು ಗಂಡನಿಲ್ಲದವರು, ಒಬ್ಬಳು ಕೂಸು ಬಿಟ್ಟು ಬಂದವಳು. ಸಂಕ್ರಮಣದ ನಂತರದ ಈ ಹಂಗಾಮು ತಪ್ಪಿದರೆ ಮತ್ತೆ ಆರು ತಿಂಗಳು ನಾಟಿ ಕೆಲಸವಿಲ್ಲ.

"ನಿಮ್ಮ ಮಷೀನಿನ್ಯಾಗ ಅದನ್ನ ತಿದ್ದಾಕ ಬರ್ತೈತೇನು?"

"ಅಳಿಸಬಹುದು ಅಕ್ಕಾ. ಅಳಿಸೀನಿ."

"ಅಳಸೂದಲ್ರೀ. ಗುಂಪು ತಗದು ನನ್ನ ಹೆಸರ ಹಾಕ್ರಿ. ಬಾಯಿ ಮಾತಿಲೆ ಹೇಳಿದ್ರ ಧಣಿ ನಂಬಂಗಿಲ್ಲ. ಕಾಗದದಾಗ ಗುಂಪು ಅಂತ ನೋಡ್ಯಾನ. ಕಾಗದದಾಗ ನನ್ನ ಹೆಸರ ನೋಡ್ಲಿ."

"ಹಂಗ ಮಾಡಿದ್ರ ನಿಮ್ಮ ಕೆಲಸ ಪೂರಾ ಹೋಗ್ತೈತಿ ಅಕ್ಕಾ."

"ನಂದು ಮುಂಜಾನೆನ ಹೋಗೈತಿ. ಅವರದು ಉಳೀಲಿ."

ಬೈಕಿನ ಹಿಂದೆ ಕೂರಿಸಿಕೊಂಡು ಸಿಂಧನೂರಿಗೆ ಬಂದೆ. ದಾರಿಯಲ್ಲೇ ಮಾಸ್ತರರಿಗೆ ಫೋನು ಮಾಡಿದೆ. ಅವರು ಸಿಟ್ಟಾದರು. ಗುಟ್ಟು ಒಡೆದದ್ದನ್ನು ನಾವೇ ಕಾಗದ ಬರೆದು ಒಪ್ಪಿಕೊಂಡಂತೆ ಆಗುವುದಿಲ್ಲವೇ, ಸಮಿತಿಯ ಮಾತನ್ನು ಇನ್ನು ಯಾರು ನಂಬುತ್ತಾರೆ ಎಂದರು. ಸಮಿತಿಯ ಕೆಲಸ ಇನ್ನು ಮುಂದೆ ನಿನಗೆ ಬೇಡ ಎಂದೂ ಹೇಳಿದರು. ಆಗಲಿ ಸರ್ ಎಂದೆ. ಜಗಳ ಆಡುವಷ್ಟು ಜೀವ ನನ್ನಲ್ಲಿ ಉಳಿದಿರಲಿಲ್ಲ.

ಅಂಗಡಿಯಲ್ಲಿ ಎಕ್ಸೆಲ್ ತೆರೆದು ಆ ಹನ್ನೊಂದು ಸಾಲುಗಳನ್ನು ಮಾತ್ರ ಹೊಸ ಕಡತಕ್ಕೆ ನಕಲು ಮಾಡಿದೆ. ಬೇರೆ ಯಾರ ಸಾಲೂ ಹಿಂದೆ ಅಂಟಿಕೊಂಡಿಲ್ಲ ಎಂದು ಮೂರು ಸಲ ನೋಡಿದೆ. ಗುಂಪಿನವರು ಎಂದಿದ್ದ ಚೌಕಗಳನ್ನು ಖಾಲಿ ಮಾಡಿ, ಹೆಸರು ಹೇಳಿ ಅಕ್ಕಾ ಎಂದೆ. ಅಲ್ಲಿಯತನಕ ಆಕೆಯ ಹೆಸರು ನನಗೆ ಗೊತ್ತಿರಲಿಲ್ಲ. ಆಕೆ ತನ್ನ ಹೆಸರು ಹೇಳಿದಳು, ಗಂಡನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳದೆ ಮನೆತನದ ಹೆಸರು, ಊರು ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಟೈಪು ಮಾಡಿದ್ದನ್ನು ಓದಿ ತೋರಿಸಿ ಎಂದಳು, ಓದಿದೆ. ಕೆಳಗೆ 'ಹೇಳಿದ್ದು ನಾನೊಬ್ಬಳೇ, ಗುಂಪಿನ 17 ಜನರಿಗೆ ಈ ವಿಷಯ ಗೊತ್ತಿರಲಿಲ್ಲ' ಎಂದು ಸೇರಿಸಿದೆವು. ಆಕೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದಳು. ನಾಲ್ಕು ಅಕ್ಷರ ಬರೆಯಲು ಒಂದು ನಿಮಿಷ ಹಿಡಿಯಿತು.

ಗುರುವಾರದ ಸಭೆಯ ಸುದ್ದಿಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಕೊನೆಗೆ ಇಟ್ಟುಕೊಳ್ಳುವಷ್ಟು ದೊಡ್ಡದಲ್ಲ. ಇಪ್ಪತ್ತು ಪ್ರತಿಗಳೂ ಚೆನ್ನಾಗಿ ಅಚ್ಚಾಗಿದ್ದವು. ಅಧಿಕಾರಿಗಳು ಮೊದಲ ಪುಟ ನೋಡಿದರಂತೆ, ಕೊನೆಯ ಪುಟ ನೋಡಿದರಂತೆ, ಪರಿಶೀಲಿಸುತ್ತೇವೆ ಎಂದರಂತೆ. ಕೋಷ್ಟಕಗಳನ್ನು ಎಕ್ಸೆಲ್‌ನಲ್ಲಿ ಬೇರೆಯಾಗಿ ಕಳಿಸಿ ಎಂದೂ ಹೇಳಿದರಂತೆ. ಮಾಸ್ತರರು ಅದನ್ನು ಬೇರೆ ಅಂಗಡಿಯಲ್ಲಿ ಮಾಡಿಸಿದರು.

ಮತ್ತೆ ಮಂಗಳವಾರಕ್ಕೆ ಬರುತ್ತೇನೆ. ನಾವು ತಿರುಗಿ ಹೋದಾಗ ಬಿಸಿಲು ಇಳಿದಿತ್ತು. ಧಣಿ ಮೋಟಾರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಹೆಂಗಸರು ಕೊನೆಯ ಮಡಿಯಲ್ಲಿ ಬಗ್ಗಿದ್ದರು. ಆಕೆ ಕಾಗದವನ್ನು ತಾನೇ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಮೆಲ್ಲಗೆ ಓದಿದರು.

"ನನ್ನ ಗದ್ದ್ಯಾಗ ನಿಂತು ನನ್ನ ಪೈಪ ಎಣಸೀಯೇನ್ ಬೇ?"

"ಹೌದ್ರೀ ಧಣಿ. ಎಣಿಸಿದಾಕಿ ನಾನು. ಅವರು ತಲಿ ಬಗ್ಗಿಸಿ ಹಚ್ಚಾಕತ್ತಿದ್ರು."

ಧಣಿ ನನ್ನ ಕಡೆ ನೋಡಿದರು. ನೀನು ಯಾರು ಎಂದು ಕೇಳಲಿಲ್ಲ. ಗದ್ದೆಯ ಮೂಲೆಯಲ್ಲಿ ಸಸಿಯ ಮಡಿಗಳು ಇನ್ನೂ ಅರ್ಧ ಕಿತ್ತಿರಲಿಲ್ಲ, ದಿನ ಮೀರಿದ ಸಸಿ ಹಳದಿಗೆ ತಿರುಗಿತ್ತು. ಬೇರೆ ಗುಂಪು ಬರುವುದು ಶನಿವಾರ ಎಂದು ಮುಂಜಾನೆ ಬಂದ ಅವರ ಆಳೇ ಹೆಂಗಸರಿಗೆ ಹೇಳಿದ್ದ. ಲೆಕ್ಕ ಹಾಕುವವರ ಮುಖದಲ್ಲಿ ಅದು ಕಾಣುತ್ತದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡರು.

"ಉಳದವರು ನಾಳೆ ಬರ್ಲಿ. ನೀ ಮಾತ್ರ ಈ ದಂಡಿ ಮ್ಯಾಲ ಕಾಣಬಾರದು."

ಆಕೆ ಗದ್ದೆಯ ಕಡೆ ತಿರುಗಿ, "ಏ, ನಾಳೆ ಬರ್ರೆವ್ವಾ, ಜಲ್ದಿ ಬರ್ರಿ" ಎಂದು ಕೂಗಿದಳು. ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನೋಡಿದರು. ಒಬ್ಬಳು ಏನೋ ಕೇಳಿದಳು, ಈಕೆ ಕೈ ಬೀಸಿದಳು, ಅಷ್ಟೇ. ರೊಟ್ಟಿಯ ಗಂಟು ತೆಗೆದುಕೊಂಡು ದಂಡೆ ಹತ್ತಿದಳು. ಮಸ್ಕಿಯ ಬಸ್ಸಿಗೆ ಬಿಡುತ್ತೇನೆ, ಗಾಡಿ ಹತ್ತು ಅಕ್ಕಾ ಎಂದರೆ, ರಸ್ತೆಯ ತನಕ ನಡೆಯುತ್ತೇನೆ ಎಂದಳು. ನಾನು ಬೈಕನ್ನು ತಳ್ಳಿಕೊಂಡು ಹಿಂದೆ ನಡೆದೆ. ತಪ್ಪಾಯಿತು ಎಂದು ಒಮ್ಮೆ ಹೇಳಿದೆ. ಆಕೆ ತಿರುಗಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಈ ದಂಡೆ ಬೇಗ ಮುಗಿಯಲಿ ಅನ್ನಿಸುತ್ತಿತ್ತು.

ಅರ್ಧ ದಾರಿಯಲ್ಲಿ ಆಕೆ ನಿಂತಳು. ಕಾಲುವೆಯ ಒಳಮೈ ಕಡೆ ಬಗ್ಗಿ ನೋಡಿದಳು. ಹಸಿಮಣ್ಣು ಮುಚ್ಚಿದ ಕಪ್ಪು ಪೈಪುಗಳು ನೀರಿಗೆ ಇಳಿದಿದ್ದವು.

"ಅಣ್ಣಾ, ಪೆನ್ನು ಐತೇನ್ರಿ?"

"ಐತಿ. ಯಾಕ?"

"ನಾ ಅವತ್ತು ಬರಸಿದ ಮ್ಯಾಲ ಇಲ್ಲಿ ಮೂರು ಹೆಚ್ಚಾಗ್ಯಾವ. ಬರಕೋರಿ."

ಬೈಕನ್ನು ನಿಲ್ಲಿಸಿ, ಜೇಬಿನಲ್ಲಿದ್ದ ಪೆಟ್ರೋಲ್ ಚೀಟಿಯ ಹಿಂದೆ ಜಾಗ ಬರೆದೆ, ಮೂರು ಎಂದು ಬರೆದೆ. ಹೇಳಿದವರು ಎಂಬಲ್ಲಿಗೆ ಬಂದಾಗ ಕೈ ತಾನಾಗಿ ನಿಂತಿತು.

"ಇಲ್ಲಿ ಏನಂತ ಬರೀಲಿ ಅಕ್ಕಾ?"

"ಈಗ ಹೆಸರ ಗೊತ್ತೈತೆಲ್ಲ ನಿಮಗ," ಎಂದಳು ಆಕೆ. "ಅದನ್ನ ಬರೀರಿ."

ಬರೆದೆ.